ಜಾವಾದಲ್ಲಿ ಕನ್‌ಸ್ಟ್ರಕ್ಟರ್ ಮತ್ತು ಮೆಥಡ್ ಓವರ್‌ಲೋಡಿಂಗ್: ಬರೆಯುವ ಕ್ರಮ, ಕಂಪೈಲರ್ ಆರಿಸುವ ಕ್ರಮ

ಬಾಗಿಲು ಹಾಕು, ಬಟ್ಟೆ ಹಾಕು, ಸಹಿ ಹಾಕು, ಗಿಡಕ್ಕೆ ನೀರು ಹಾಕು. ಕ್ರಿಯಾಪದ ಒಂದೇ, ಕೆಲಸ ನಾಲ್ಕು. ಕೇಳಿದವರು ತಡವರಿಸುವುದಿಲ್ಲ, ಏಕೆಂದರೆ ಜೊತೆಗಿರುವ ನಾಮಪದವೇ ಯಾವ ಕೆಲಸವೆಂದು ಹೇಳಿಬಿಡುತ್ತದೆ. ಓವರ್‌ಲೋಡಿಂಗ್ ಕೂಡ ಹೀಗೆಯೇ. ಒಂದೇ ಹೆಸರಿನಲ್ಲಿ ಹಲವು ಮೆಥಡ್‌ಗಳಿರುತ್ತವೆ, ಅಥವಾ ಒಂದೇ ಕ್ಲಾಸಿಗೆ, ಹೊಸ ಆಬ್ಜೆಕ್ಟ್ ತಯಾರಿಸುವ ಹಲವು ಕನ್‌ಸ್ಟ್ರಕ್ಟರ್‌ಗಳಿರುತ್ತವೆ. ಯಾವುದನ್ನು ಕರೆಯಬೇಕೆಂಬುದನ್ನು ಆರ್ಗ್ಯುಮೆಂಟ್‌ಗಳ ಸಂಖ್ಯೆ ಮತ್ತು ಟೈಪ್ ನೋಡಿ ಕಂಪೈಲರ್ ತೀರ್ಮಾನಿಸುತ್ತದೆ.

ಬರೆಯುವುದೇನೋ ಸುಲಭ, ಅರ್ಧ ಗಂಟೆಯಲ್ಲಿ ಕಲಿಯಬಹುದು. ತೊಂದರೆ ಶುರುವಾಗುವುದು ಆಮೇಲೆ. ನಾವು ಕರೆದೆವೆಂದು ಅಂದುಕೊಂಡದ್ದು ಒಂದು, ಕಂಪೈಲರ್ ಆರಿಸಿದ್ದು ಇನ್ನೊಂದು. ಪ್ರೋಗ್ರಾಂ ಮಾತ್ರ ಒಂದೂ ಎರರ್ ಇಲ್ಲದೆ ಓಡುತ್ತಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬರೆಯುವ ಕ್ರಮಕ್ಕಿಂತ ಆಯ್ಕೆಯ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಕೋಡ್ ಬಗ್ಗೆ ಒಂದು ಮಾತು. ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಕ್ಲಾಸ್, ಇಂಟ್, ದಿಸ್, ನ್ಯೂ ಮುಂತಾದ ಕೀವರ್ಡ್‌ಗಳನ್ನೂ ಸ್ಟ್ರಿಂಗ್, ಲಿಸ್ಟ್ ಮುಂತಾದ ಜಾವಾದ ಸ್ವಂತ ಹೆಸರುಗಳನ್ನೂ ರೋಮನ್ ಅಕ್ಷರಗಳಲ್ಲೇ ಬರೆಯಬೇಕು. ಆದರೆ ನೀವು ಇಡುವ ಹೆಸರುಗಳು ಕನ್ನಡದಲ್ಲಿದ್ದರೆ ಜಾವಾಕ್ಕೆ ಅಭ್ಯಂತರವಿಲ್ಲ. ‘ದೊಡ್ಡವರು’ ಎಂಬ ವೇರಿಯಬಲ್ ಹಾಗೆಯೇ ಕಂಪೈಲ್ ಆಗುತ್ತದೆ. ಫೈಲನ್ನು ಯುಟಿಎಫ್-8 ಆಗಿ ಉಳಿಸಿ. ಜಾವಾ ಕಂಪೈಲರ್ ಸಮೇತ ಬರುವ ಜೆಡಿಕೆ ಎಂಬ ಕಿಟ್ಟಿನ 18ನೇ ಆವೃತ್ತಿಯಿಂದ ಅದೇ ಡೀಫಾಲ್ಟ್. ಹಳೆಯ ಜೆಡಿಕೆ ಇರುವ ವಿಂಡೋಸ್‌ನಲ್ಲಿ ಕಂಪೈಲರಿಗೆ ಎನ್‌ಕೋಡಿಂಗ್ ಯಾವುದೆಂದು ಹೇಳದಿದ್ದರೆ ಕನ್ನಡ ಹೆಸರುಗಳಿರುವ ಸಾಲುಗಳಲ್ಲೆಲ್ಲ ಎರರ್ ಬರುತ್ತದೆ.

ಎರಡು ಮೆಥಡ್ ಬೇರೆ ಬೇರೆ ಎನಿಸಿಕೊಳ್ಳುವುದು ಯಾವಾಗ

ಮೆಥಡಿನ ಹೆಸರು ಮತ್ತು ಅದರ ಪ್ಯಾರಾಮೀಟರ್‌ಗಳ ಟೈಪ್‌ಗಳು, ಅವು ಬರುವ ಕ್ರಮದಲ್ಲಿ. ಇದಕ್ಕೆ ಸಿಗ್ನೇಚರ್ ಎನ್ನುತ್ತಾರೆ. ಒಂದು ಕ್ಲಾಸಿನಲ್ಲಿ ಒಂದೇ ಸಿಗ್ನೇಚರಿನ ಎರಡು ಮೆಥಡ್ ಇರುವಂತಿಲ್ಲ.

ಸಿಗ್ನೇಚರಿಗೆ ಸೇರದವು ಯಾವುವು ಎಂಬುದನ್ನೇ ಹೆಚ್ಚು ನೆನಪಿಡಬೇಕು: ರಿಟರ್ನ್ ಟೈಪ್, ಪ್ಯಾರಾಮೀಟರ್‌ಗಳ ಹೆಸರು, ಪಬ್ಲಿಕ್-ಪ್ರೈವೇಟ್, ಸ್ಟ್ಯಾಟಿಕ್, ಥ್ರೋಸ್ ಪಟ್ಟಿ. ಹಾಗಾಗಿ ‘ಇಂಟ್ ದರ(ಇಂಟ್ ಕಿಮೀ)’ ಮತ್ತು ‘ಡಬಲ್ ದರ(ಇಂಟ್ ನಿಮಿಷ)’ ಎರಡನ್ನೂ ಬರೆದರೆ ಕಂಪೈಲರ್ ‘ಆಲ್‌ರೆಡಿ ಡಿಫೈನ್ಡ್’ ಎಂದು ನಿಲ್ಲಿಸುತ್ತದೆ. ಒಂದು ಕಿಲೋಮೀಟರಿನ ಲೆಕ್ಕ, ಇನ್ನೊಂದು ನಿಮಿಷದ ಲೆಕ್ಕ ಎಂಬುದು ನಮಗೆ ಗೊತ್ತು, ಕಂಪೈಲರಿಗೆ ಎರಡೂ ಬರೀ ಇಂಟ್.

ಜೆನೆರಿಕ್ಸ್ ಬಳಸುವವರಿಗೆ ಇದೇ ಸಮಸ್ಯೆ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ‘ಮುದ್ರಿಸು(ಲಿಸ್ಟ್<ಸ್ಟ್ರಿಂಗ್>)’ ಮತ್ತು ‘ಮುದ್ರಿಸು(ಲಿಸ್ಟ್<ಇಂಟೀಜರ್>)’ ಕಣ್ಣಿಗೆ ಬೇರೆ ಬೇರೆ. ಆದರೆ ಕಂಪೈಲ್ ಆಗುವಾಗ ಕೋನಾಕಾರದ ಕಂಸದ ಒಳಗಿನದನ್ನು ಜಾವಾ ಅಳಿಸಿಹಾಕುತ್ತದೆ. ಉಳಿಯುವುದು ಎರಡರಲ್ಲೂ ಬರೀ ಲಿಸ್ಟ್. ‘ನೇಮ್ ಕ್ಲ್ಯಾಶ್’ ಎಂಬ ಎರರ್ ಬಂದರೆ ಕಾರಣ ಇದು. ದಾರಿ ಒಂದೇ, ಹೆಸರು ಬದಲಿಸಿ.

ಕನ್‌ಸ್ಟ್ರಕ್ಟರ್‌ಗಳು: ಮೊದಲು ದೊಡ್ಡದನ್ನು ಬರೆಯಿರಿ

ಬಸ್ ಟಿಕೆಟಿನ ಒಂದು ಕ್ಲಾಸ್ ತೆಗೆದುಕೊಳ್ಳೋಣ. ಎಲ್ಲಿಂದ, ಎಲ್ಲಿಗೆ, ದೊಡ್ಡವರು ಎಷ್ಟು, ಮಕ್ಕಳು ಎಷ್ಟು. ಹೆಚ್ಚಿನ ಸಲ ಒಬ್ಬರೇ ಪ್ರಯಾಣಿಸುವುದರಿಂದ ಪ್ರತಿಸಲವೂ ನಾಲ್ಕು ಆರ್ಗ್ಯುಮೆಂಟ್ ಬರೆಸುವುದು ಬೇಡ.

ಹೊಸಬರು ಮಾಡುವುದು ಹೀಗೆ: ಚಿಕ್ಕ ಕನ್‌ಸ್ಟ್ರಕ್ಟರ್ ಬರೆದು, ಅದನ್ನೇ ಕಾಪಿ ಮಾಡಿ, ಒಂದು ಸಾಲು ಸೇರಿಸಿ ಮುಂದಿನದನ್ನು ಬರೆಯುತ್ತಾರೆ. ಮೂರು ತಿಂಗಳ ನಂತರ ‘ಸಂಖ್ಯೆ ಸೊನ್ನೆಗಿಂತ ಕಡಿಮೆ ಇರಬಾರದು’ ಎಂಬ ತಪಾಸಣೆ ಎರಡರಲ್ಲಿ ಇರುತ್ತದೆ, ಮೂರನೆಯದರಲ್ಲಿ ಇರುವುದಿಲ್ಲ. ಹಾಗಾಗದಂತೆ ತಲೆಕೆಳಗಾಗಿ ಹೋಗಿ. ಎಲ್ಲ ಮಾಹಿತಿಯನ್ನೂ ಕೇಳುವ ಕನ್‌ಸ್ಟ್ರಕ್ಟರ್ ಮೊದಲು. ತಪಾಸಣೆ, ಫೀಲ್ಡ್ ತುಂಬುವುದು ಎಲ್ಲವೂ ಅಲ್ಲಿ ಮಾತ್ರ.

```
ಕ್ಲಾಸ್ ಟಿಕೆಟ್ {
    ಪ್ರೈವೇಟ್ ಫೈನಲ್ ಸ್ಟ್ರಿಂಗ್ ಎಲ್ಲಿಂದ;
    ಪ್ರೈವೇಟ್ ಫೈನಲ್ ಸ್ಟ್ರಿಂಗ್ ಎಲ್ಲಿಗೆ;
    ಪ್ರೈವೇಟ್ ಫೈನಲ್ ಇಂಟ್ ದೊಡ್ಡವರು;
    ಪ್ರೈವೇಟ್ ಫೈನಲ್ ಇಂಟ್ ಮಕ್ಕಳು;

    ಟಿಕೆಟ್(ಸ್ಟ್ರಿಂಗ್ ಎಲ್ಲಿಂದ, ಸ್ಟ್ರಿಂಗ್ ಎಲ್ಲಿಗೆ,
           ಇಂಟ್ ದೊಡ್ಡವರು, ಇಂಟ್ ಮಕ್ಕಳು) {
        ಇಫ್ (ದೊಡ್ಡವರು < 0 || ಮಕ್ಕಳು < 0 || ದೊಡ್ಡವರು + ಮಕ್ಕಳು == 0)
            ಥ್ರೋ ನ್ಯೂ ಇಲ್ಲೀಗಲ್‌ಆರ್ಗ್ಯುಮೆಂಟ್‌ಎಕ್ಸೆಪ್ಷನ್("ಪ್ರಯಾಣಿಕರ ಸಂಖ್ಯೆ ತಪ್ಪು");
        ದಿಸ್.ಎಲ್ಲಿಂದ = ಎಲ್ಲಿಂದ;
        ದಿಸ್.ಎಲ್ಲಿಗೆ = ಎಲ್ಲಿಗೆ;
        ದಿಸ್.ದೊಡ್ಡವರು = ದೊಡ್ಡವರು;
        ದಿಸ್.ಮಕ್ಕಳು = ಮಕ್ಕಳು;
    }

    ಟಿಕೆಟ್(ಸ್ಟ್ರಿಂಗ್ ಎಲ್ಲಿಂದ, ಸ್ಟ್ರಿಂಗ್ ಎಲ್ಲಿಗೆ, ಇಂಟ್ ದೊಡ್ಡವರು) {
        ದಿಸ್(ಎಲ್ಲಿಂದ, ಎಲ್ಲಿಗೆ, ದೊಡ್ಡವರು, 0);
    }

    ಟಿಕೆಟ್(ಸ್ಟ್ರಿಂಗ್ ಎಲ್ಲಿಂದ, ಸ್ಟ್ರಿಂಗ್ ಎಲ್ಲಿಗೆ) {
        ದಿಸ್(ಎಲ್ಲಿಂದ, ಎಲ್ಲಿಗೆ, 1, 0);
    }
}
```

ಚಿಕ್ಕ ಕನ್‌ಸ್ಟ್ರಕ್ಟರ್‌ಗಳಲ್ಲಿ ಒಂದೊಂದೇ ಸಾಲು. ಎರಡು ಆರ್ಗ್ಯುಮೆಂಟಿನದು ಮೂರರದನ್ನು ಕರೆದು, ಮೂರರದು ನಾಲ್ಕರದನ್ನು ಕರೆಯುವ ಮೆಟ್ಟಿಲು ಕ್ರಮವೂ ನಡೆಯುತ್ತದೆ. ಆದರೆ ನೇರವಾಗಿ ದೊಡ್ಡದನ್ನೇ ಕರೆಯುವುದು ಒಳ್ಳೆಯದು. ಆಗ ‘ದೊಡ್ಡವರು 1, ಮಕ್ಕಳು 0’ ಎಂಬ ಡೀಫಾಲ್ಟ್ ಒಂದೇ ಸಾಲಿನಲ್ಲಿ ಕಾಣುತ್ತದೆ, ಹುಡುಕಿಕೊಂಡು ಕೆಳಗಿಳಿಯಬೇಕಾಗಿಲ್ಲ.

ಜಾವಾ 16ರಲ್ಲಿ ಬಂದ ರೆಕಾರ್ಡ್‌ನಲ್ಲಿ ಇದು ಸಲಹೆಯಲ್ಲ, ನಿಯಮ. ನೀವು ಸೇರಿಸುವ ಯಾವುದೇ ಹೆಚ್ಚುವರಿ ಕನ್‌ಸ್ಟ್ರಕ್ಟರ್ ಅದೇ ರೆಕಾರ್ಡಿನ ಇನ್ನೊಂದು ಕನ್‌ಸ್ಟ್ರಕ್ಟರನ್ನು ಕರೆದು, ಕೊನೆಗೆ ಮುಖ್ಯ ಕನ್‌ಸ್ಟ್ರಕ್ಟರನ್ನು ತಲುಪಲೇಬೇಕು.

ದಿಸ್ ಕರೆಯುವಾಗ ಬರುವ ಎರರ್‌ಗಳು

‘ದಿಸ್(...)’ ಕನ್‌ಸ್ಟ್ರಕ್ಟರಿನ ಮೊದಲ ಹೇಳಿಕೆಯಾಗಿರಬೇಕು ಎಂಬುದು ಜಾವಾ ಹುಟ್ಟಿದಂದಿನಿಂದ ಇದ್ದ ನಿಯಮ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25 ಇದನ್ನು ಸಡಿಲಿಸಿತು. ಈಗ ಅದಕ್ಕೂ ಮೊದಲು ಆರ್ಗ್ಯುಮೆಂಟ್ ಪರೀಕ್ಷಿಸುವ, ಲೆಕ್ಕ ಹಾಕುವ ಸಾಲುಗಳನ್ನು ಬರೆಯಬಹುದು. ಇನ್ನೂ ಕಟ್ಟಿ ಮುಗಿಯದ ಆಬ್ಜೆಕ್ಟನ್ನು ಮಾತ್ರ ಬಳಸುವಂತಿಲ್ಲ. ಕಚೇರಿಗಳಲ್ಲಿ ಇನ್ನೂ ಜಾವಾ 8, 11, 17 ಓಡುತ್ತಿರುವುದೇ ಹೆಚ್ಚು, ಆದ್ದರಿಂದ ಹಳೆಯ ನಿಯಮ ಗೊತ್ತಿರಲಿ.

ಎರಡು ಕನ್‌ಸ್ಟ್ರಕ್ಟರ್‌ಗಳು ಒಂದನ್ನೊಂದು ಕರೆದರೆ ‘ರಿಕರ್ಸಿವ್ ಕನ್‌ಸ್ಟ್ರಕ್ಟರ್ ಇನ್ವೊಕೇಷನ್’. ಇದು ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತದೆ, ಹಾಗಾಗಿ ಹೆದರಬೇಕಾಗಿಲ್ಲ.

‘ದಿಸ್(...)’ ಆದ ಮೇಲೆ ಫೈನಲ್ ಫೀಲ್ಡಿಗೆ ಮತ್ತೆ ಬೆಲೆ ಕೊಟ್ಟರೆ ‘ಮೊದಲೇ ಕೊಟ್ಟಿರಬಹುದು’ ಎಂಬರ್ಥದ ಎರರ್. ಅದು ಸರಿಯಾದ ದೂರೇ. ದೊಡ್ಡ ಕನ್‌ಸ್ಟ್ರಕ್ಟರ್ ಆಗಲೇ ಎಲ್ಲ ತುಂಬಿದೆ. ಬದಲಿಸಬೇಕಾದದ್ದು ನೀವು ಕಳಿಸುವ ಆರ್ಗ್ಯುಮೆಂಟನ್ನು.

‘ದಿಸ್(ಎಲ್ಲಿಂದ, ಡೀಫಾಲ್ಟ್‌ಊರು())’ ಎಂದು ಬರೆದು, ಒಳಗಿನ ಮೆಥಡ್ ಸ್ಟ್ಯಾಟಿಕ್ ಅಲ್ಲದಿದ್ದರೂ ಎರರ್. ಆಬ್ಜೆಕ್ಟೇ ಇನ್ನೂ ತಯಾರಾಗಿಲ್ಲ, ಅದರ ಮೆಥಡನ್ನು ಕರೆಯುವುದು ಹೇಗೆ? ಆ ಮೆಥಡಿಗೆ ಸ್ಟ್ಯಾಟಿಕ್ ಸೇರಿಸಿದರೆ ಸರಿಹೋಗುತ್ತದೆ.

ಎರರೇ ಬಾರದ ತಪ್ಪೂ ಒಂದಿದೆ, ಅದು ಇನ್ನೂ ಕೆಟ್ಟದ್ದು. ಅಭ್ಯಾಸಬಲದಿಂದ ‘ವಾಯ್ಡ್ ಟಿಕೆಟ್(ಸ್ಟ್ರಿಂಗ್ ಎಲ್ಲಿಂದ)’ ಎಂದು ಬರೆದುಬಿಟ್ಟರೆ ಅದು ಕನ್‌ಸ್ಟ್ರಕ್ಟರ್ ಅಲ್ಲ, ಕ್ಲಾಸಿನ ಹೆಸರನ್ನೇ ಹೊತ್ತ ಮಾಮೂಲಿ ಮೆಥಡ್. ಕ್ಲಾಸ್ ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ‘ಇಂಥ ಕನ್‌ಸ್ಟ್ರಕ್ಟರ್ ಇಲ್ಲ’ ಎಂಬ ದೂರು ಇನ್ನೆಲ್ಲೋ, ಅದನ್ನು ಬಳಸಿದ ಫೈಲಿನಲ್ಲಿ ಬರುತ್ತದೆ. ಕನ್‌ಸ್ಟ್ರಕ್ಟರಿಗೆ ರಿಟರ್ನ್ ಟೈಪ್ ಇಲ್ಲ, ವಾಯ್ಡ್ ಕೂಡ ಇಲ್ಲ.

ಮಾಯವಾಗುವ ಖಾಲಿ ಕನ್‌ಸ್ಟ್ರಕ್ಟರ್

ಒಂದೂ ಕನ್‌ಸ್ಟ್ರಕ್ಟರ್ ಬರೆಯದಿದ್ದರೆ ಆರ್ಗ್ಯುಮೆಂಟ್ ಇಲ್ಲದ ಒಂದನ್ನು ಕಂಪೈಲರೇ ಸೇರಿಸುತ್ತದೆ. ನೀವು ಒಂದನ್ನು ಬರೆದ ಕ್ಷಣ ಅದು ಸೇರಿಸುವುದನ್ನು ನಿಲ್ಲಿಸುತ್ತದೆ. ನಿನ್ನೆಯವರೆಗೆ ‘ನ್ಯೂ ಟಿಕೆಟ್()’ ಎಂದು ಬರೆದಿದ್ದ ಕಡೆಯಲ್ಲೆಲ್ಲ ಇವತ್ತು ಎರರ್.

ಇದರ ಪೆಟ್ಟು ಸಬ್‌ಕ್ಲಾಸಿಗೂ ತಟ್ಟುತ್ತದೆ. ಸಬ್‌ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ ನೀವು ಏನೂ ಬರೆಯದಿದ್ದರೆ ಕಂಪೈಲರ್ ‘ಸೂಪರ್()’ ಎಂಬ ಸಾಲನ್ನು ತಾನೇ ಹಾಕುತ್ತದೆ. ತಂದೆ ಕ್ಲಾಸಿನಲ್ಲಿ ಖಾಲಿ ಕನ್‌ಸ್ಟ್ರಕ್ಟರ್ ಇಲ್ಲದಿದ್ದರೆ ನೀವು ಬರೆಯದ ಸಾಲಿಗೇ ಎರರ್ ಬಂದಂತೆ ಕಾಣುತ್ತದೆ. ಕನ್‌ಸ್ಟ್ರಕ್ಟರ್‌ಗಳು ಪಿತ್ರಾರ್ಜಿತವಾಗಿ ಬರುವುದಿಲ್ಲ. ‘ರಾತ್ರಿಟಿಕೆಟ್’ ಎಂಬ ಸಬ್‌ಕ್ಲಾಸಿಗೂ ಮೂರೂ ಬಗೆಯ ಕನ್‌ಸ್ಟ್ರಕ್ಟರ್ ಬೇಕಿದ್ದರೆ ಮೂರನ್ನೂ ಬರೆದು, ಪ್ರತಿಯೊಂದರಲ್ಲೂ ತಕ್ಕ ‘ಸೂಪರ್(...)’ ಅಥವಾ ‘ದಿಸ್(...)’ ಕರೆಯಬೇಕು.

ಡೇಟಾಬೇಸಿಗೆ ಜೆಪಿಎ ಬಳಸುವವರು ಗಮನಿಸಿ: ಎಂಟಿಟಿ ಕ್ಲಾಸಿಗೆ (ಡೇಟಾಬೇಸಿನ ಟೇಬಲ್ಲಿಗೆ ಹೊಂದುವ ಕ್ಲಾಸ್) ಪಬ್ಲಿಕ್ ಅಥವಾ ಪ್ರೊಟೆಕ್ಟೆಡ್ ಆದ ಖಾಲಿ ಕನ್‌ಸ್ಟ್ರಕ್ಟರ್ ಇರಲೇಬೇಕೆಂದು ಅದರ ನಿಯಮ. ಪ್ರೊಟೆಕ್ಟೆಡ್ ಮಾಡಿದರೆ ಫ್ರೇಮ್‌ವರ್ಕಿಗೆ ಸಿಗುತ್ತದೆ, ಬೇರೆ ಪ್ಯಾಕೇಜಿನಲ್ಲಿ ಕೋಡ್ ಬರೆಯುವವರು ಅರೆಬೆಂದ ಆಬ್ಜೆಕ್ಟ್ ಸೃಷ್ಟಿಸುವುದೂ ತಪ್ಪುತ್ತದೆ.

ಓವರ್‌ಲೋಡ್ ಬೇಡವಾದಾಗ

ಈಗ ‘ಮಕ್ಕಳಿಗೆ ಮಾತ್ರ ಟಿಕೆಟ್’ ಬೇಕು. ಎಲ್ಲಿಂದ, ಎಲ್ಲಿಗೆ, ಮಕ್ಕಳು: ಸ್ಟ್ರಿಂಗ್, ಸ್ಟ್ರಿಂಗ್, ಇಂಟ್. ಆ ಸಿಗ್ನೇಚರ್ ಆಗಲೇ ದೊಡ್ಡವರ ಪಾಲಾಗಿದೆ. ಇಂಟನ್ನು ಮೊದಲಿಗೆ ತಂದು ‘ಟಿಕೆಟ್(ಇಂಟ್, ಸ್ಟ್ರಿಂಗ್, ಸ್ಟ್ರಿಂಗ್)’ ಎಂದು ಬರೆದರೆ ಕಂಪೈಲರ್ ಒಪ್ಪುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸಂಖ್ಯೆ ಮುಂದಿದ್ದರೆ ಮಕ್ಕಳು, ಹಿಂದಿದ್ದರೆ ದೊಡ್ಡವರು ಎಂಬುದನ್ನು ಓದುವವರು ಊಹಿಸಲಾರರು.

ಬದಲಿಗೆ ಹೆಸರುಳ್ಳ ಸ್ಟ್ಯಾಟಿಕ್ ಮೆಥಡ್ ಬರೆಯಿರಿ:

```
ಸ್ಟ್ಯಾಟಿಕ್ ಟಿಕೆಟ್ ಮಕ್ಕಳಿಗೆ(ಸ್ಟ್ರಿಂಗ್ ಎಲ್ಲಿಂದ, ಸ್ಟ್ರಿಂಗ್ ಎಲ್ಲಿಗೆ, ಇಂಟ್ ಎಷ್ಟು) {
    ರಿಟರ್ನ್ ನ್ಯೂ ಟಿಕೆಟ್(ಎಲ್ಲಿಂದ, ಎಲ್ಲಿಗೆ, 0, ಎಷ್ಟು);
}
```

‘ಟಿಕೆಟ್.ಮಕ್ಕಳಿಗೆ("ಮೈಸೂರು", "ಹಾಸನ", 2)’ ಎಂದರೆ ಅನುಮಾನಕ್ಕೆ ಎಡೆಯಿಲ್ಲ. ಜಾವಾದ ಲೋಕಲ್‌ಡೇಟ್ ಕ್ಲಾಸನ್ನು ಬರೆದವರೂ ಇದೇ ವಿವೇಚನೆ ತೋರಿದ್ದಾರೆ. ವರ್ಷ, ತಿಂಗಳು, ದಿನ ಕೊಡುವ ‘ಆಫ್’ ಎಂಬ ಹೆಸರಿಗೆ ಎರಡು ಓವರ್‌ಲೋಡ್: ತಿಂಗಳು ಇಂಟ್ ಆಗಿರುವುದು ಒಂದು, ಮಂತ್ ಎಂಬ ಈನಮ್ ಆಗಿರುವುದು ಇನ್ನೊಂದು. ಎರಡರ ಅರ್ಥವೂ ಒಂದೇ. ಆದರೆ ವರ್ಷ ಮತ್ತು ‘ವರ್ಷದ ಎಷ್ಟನೇ ದಿನ’ ಎಂದು ಕೊಡುವುದಕ್ಕೆ ‘ಆಫ್‌ಇಯರ್‌ಡೇ’ ಎಂಬ ಬೇರೆಯೇ ಹೆಸರು. ‘ಆಫ್(2024, 60)’ ಎಂದು ಬಿಟ್ಟಿದ್ದರೂ ಸಿಗ್ನೇಚರ್ ಘರ್ಷಣೆ ಇರುತ್ತಿರಲಿಲ್ಲ; ಓದುವವರಿಗೆ ಮಾತ್ರ ಅರವತ್ತು ಏನೆಂದು ತಿಳಿಯುತ್ತಿರಲಿಲ್ಲ.

ನಮ್ಮ ಟಿಕೆಟಿನಲ್ಲಿ ಉಳಿದಿರುವ ಒಂದು ಅಪಾಯವನ್ನು ಓವರ್‌ಲೋಡಿಂಗ್ ಬಗೆಹರಿಸದು. ಎಲ್ಲಿಂದ, ಎಲ್ಲಿಗೆ ಎರಡೂ ಸ್ಟ್ರಿಂಗ್, ಅಕ್ಕಪಕ್ಕ. ಅದಲುಬದಲಾದರೆ ಪ್ರಯಾಣಿಕರು ಹಾಸನಕ್ಕೆ ಹೋಗುವ ಬದಲು ಹಾಸನದಿಂದ ಹೊರಡುತ್ತಾರೆ. ಪ್ಯಾರಾಮೀಟರ್‌ಗಳು ನಾಲ್ಕೈದು ದಾಟಿದವು, ಅದರಲ್ಲೂ ಒಂದೇ ಟೈಪಿನವು ಪಕ್ಕಪಕ್ಕ ಬಂದವು ಎಂದರೆ ಬಿಲ್ಡರ್ (ಪ್ರತಿ ಬೆಲೆಯನ್ನೂ ಹೆಸರು ಹೇಳಿ ಒಂದೊಂದಾಗಿ ಪಡೆದು ಆಬ್ಜೆಕ್ಟ್ ಕಟ್ಟುವ ಸಹಾಯಕ ಕ್ಲಾಸ್) ಬರೆಯುವ ಸಮಯ ಬಂತೆಂದು ತಿಳಿಯಿರಿ.

ಮೆಥಡ್‌ಗಳು: ಒಂದೇ ಹೆಸರು, ಒಂದೇ ಅರ್ಥ

ಮೆಥಡ್‌ಗಳಿಗೂ ಅದೇ ಕ್ರಮ. ಕೆಲಸ ಮಾಡುವುದು ಒಂದು, ಉಳಿದವು ಡೀಫಾಲ್ಟ್ ಸೇರಿಸಿ ಅದಕ್ಕೆ ಒಪ್ಪಿಸುವವು. ಮ್ಯಾಥ್ ಕ್ಲಾಸಿನ ‘ಆಬ್ಸ್’ಗೆ ಇಂಟ್, ಲಾಂಗ್, ಫ್ಲೋಟ್, ಡಬಲ್ ಎಂದು ನಾಲ್ಕು ರೂಪ, ದಿನಾ ಬಳಸುವ ‘ಪ್ರಿಂಟ್‌ಎಲ್‌ಎನ್’ಗೆ ಹತ್ತು. ಯಾವುದನ್ನು ಕರೆದರೂ ಆಗುವ ಕೆಲಸ ಒಂದೇ ಎಂಬ ಭರವಸೆ ಇರುವುದರಿಂದ ನಾವು ಎಣಿಸುವ ಗೋಜಿಗೇ ಹೋಗಿಲ್ಲ.

ಮೊದಲು ಹೇಳಿದ ‘ಹಾಕು’ ಇಲ್ಲಿ ಒಳ್ಳೆಯ ಮಾದರಿಯಲ್ಲ ಎಂಬುದನ್ನೂ ಹೇಳಬೇಕು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟ್ ಹಾಕಿದರೆ ಹೊತ್ತಿಕೊಳ್ಳುತ್ತದೆ. ಮಾತಿನಲ್ಲಿ ಇದು ಸೊಗಸು, ಕೋಡಿನಲ್ಲಿ ಬಗ್. ಎರಡು ಓವರ್‌ಲೋಡ್‌ಗಳ ಕೆಲಸವನ್ನು ಒಂದೇ ವಾಕ್ಯದಲ್ಲಿ ವಿವರಿಸಲು ಆಗದಿದ್ದರೆ ಹೆಸರು ಬೇರೆ ಇರಲಿ.

ಕಂಪೈಲರ್ ಆರಿಸುವ ಮೂರು ಸುತ್ತು

ಇಲ್ಲಿ ನಿಧಾನಿಸಿ. ಒಂದು ಕ್ಲಾಸಿನಲ್ಲಿ ಈ ನಾಲ್ಕನ್ನು ಬರೆದು, ಪ್ರತಿಯೊಂದೂ ತನ್ನ ಟೈಪಿನ ಹೆಸರನ್ನು ಮುದ್ರಿಸುವಂತೆ ಮಾಡಿ:

```
ತೋರಿಸು(ಲಾಂಗ್ ಅ)
ತೋರಿಸು(ಇಂಟೀಜರ್ ಅ)
ತೋರಿಸು(ಆಬ್ಜೆಕ್ಟ್ ಅ)
ತೋರಿಸು(ಇಂಟ್... ಅ)
```

ಮೊದಲನೆಯದು ಸಣ್ಣಕ್ಷರದ, ಪ್ರಿಮಿಟಿವ್ ಲಾಂಗ್. ಕೊನೆಯದರ ಮೂರು ಚುಕ್ಕಿ ಎಂದರೆ ಎಷ್ಟು ಇಂಟ್ ಬೇಕಾದರೂ ಕೊಡಬಹುದು. ಈಗ ‘ತೋರಿಸು(5)’ ಎಂದು ಕರೆಯಿರಿ. ಹೆಚ್ಚಿನವರು ಇಂಟೀಜರ್ ಎಂದು ಊಹಿಸುತ್ತಾರೆ. ಬರುವ ಉತ್ತರ ಲಾಂಗ್. ಆ ಮೆಥಡನ್ನು ಅಳಿಸಿ ಮತ್ತೆ ಓಡಿಸಿದರೆ ಇಂಟೀಜರ್. ಅದನ್ನೂ ಅಳಿಸಿದರೆ ಆಬ್ಜೆಕ್ಟ್. ಅದೂ ಹೋದ ಮೇಲಷ್ಟೇ ಇಂಟ್ ಪಕ್ಕದ ಮೂರು ಚುಕ್ಕಿಗೆ ಸರದಿ.

ಕಾರಣ: ಕಂಪೈಲರ್ ಮೂರು ಸುತ್ತು ಹುಡುಕುತ್ತದೆ. ಮೊದಲ ಸುತ್ತಿನಲ್ಲಿ ಬಾಕ್ಸಿಂಗ್ (ಇಂಟಿನಂಥ ಪ್ರಿಮಿಟಿವನ್ನು ಇಂಟೀಜರಿನಂಥ ಆಬ್ಜೆಕ್ಟ್ ಮಾಡುವುದು) ಇಲ್ಲ, ಚುಕ್ಕಿಗಳಿಲ್ಲ. ಟೈಪ್ ಹಾಗೆಯೇ ಹೊಂದಬೇಕು ಅಥವಾ ಹಿಗ್ಗಿ ಹೊಂದಬೇಕು. ಬೈಟ್, ಶಾರ್ಟ್, ಇಂಟ್, ಲಾಂಗ್, ಫ್ಲೋಟ್, ಡಬಲ್ ಎಂಬುದು ಹಿಗ್ಗುವ ದಾರಿ. ಚಾರ್ ಇಂಟಿನ ಬಳಿ ಈ ದಾರಿಗೆ ಸೇರಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಇಂಟನ್ನು ಇಂಟೀಜರ್ ಪೆಟ್ಟಿಗೆಗೆ ಹಾಕುವುದಕ್ಕೆ, ತೆಗೆಯುವುದಕ್ಕೆ ಅನುಮತಿ. ಮೂರನೇ ಸುತ್ತಿನಲ್ಲಿ ಮೂರು ಚುಕ್ಕಿಯ ಮೆಥಡ್‌ಗಳು. ಒಂದು ಸುತ್ತಿನಲ್ಲಿ ಒಂದಾದರೂ ಸಿಕ್ಕಿದರೆ ಮುಂದಿನ ಸುತ್ತಿಗೆ ಹೋಗುವುದೇ ಇಲ್ಲ. ಒಂದೇ ಸುತ್ತಿನಲ್ಲಿ ಹಲವು ಸಿಕ್ಕಿದರೆ ಅವುಗಳಲ್ಲಿ ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲುತ್ತದೆ. ಆಬ್ಜೆಕ್ಟಿಗಿಂತ ಇಂಟೀಜರ್ ನಿರ್ದಿಷ್ಟ, ಡಬಲಿಗಿಂತ ಫ್ಲೋಟ್ ನಿರ್ದಿಷ್ಟ.

ಈ ವಿಚಿತ್ರ ಆದ್ಯತೆಗೆ ಇತಿಹಾಸವಿದೆ. ಆಟೊಬಾಕ್ಸಿಂಗ್ ಮತ್ತು ಮೂರು ಚುಕ್ಕಿ ಬಂದದ್ದು 2004ರ ಜಾವಾ 5ರಲ್ಲಿ. ಅದಕ್ಕೂ ಮೊದಲೇ ಬರೆದಿದ್ದ ಕೋಡ್ ಹೊಸ ಕಂಪೈಲರಿನಲ್ಲಿ ಬೇರೆ ಮೆಥಡನ್ನು ಕರೆಯಲು ಶುರುಮಾಡಬಾರದಿತ್ತು. ಹಾಗಾಗಿ ಹಳೆಯ ನಿಯಮಗಳಿಗೆ ಮೊದಲ ಸುತ್ತು ಮೀಸಲಾಯಿತು.

ಇನ್ನೆರಡು ಸೂಕ್ಷ್ಮ. ಪ್ರಿಮಿಟಿವ್ ಹಿಗ್ಗಿ ಆಮೇಲೆ ಪೆಟ್ಟಿಗೆಗೆ ಹೋಗಲಾರದು: ದೊಡ್ಡಕ್ಷರದ ಲಾಂಗ್ ಕೇಳುವ ಮೆಥಡ್ ಮಾತ್ರ ಇದ್ದರೆ 5 ಕೊಟ್ಟಾಗ ಎರರ್, ಸಂಖ್ಯೆಯ ಕೊನೆಗೆ ಎಲ್ ಅಕ್ಷರ ಸೇರಿಸಬೇಕು. ಇನ್ನೊಂದು, ‘ಬೈಟ್ ಬ = 10;’ ನಡೆಯುತ್ತದೆಂದು ಬೈಟ್ ಕೇಳುವ ಮೆಥಡಿಗೆ ನೇರವಾಗಿ 10 ಕೊಟ್ಟರೆ ನಡೆಯುವುದಿಲ್ಲ. ಮೆಥಡ್ ಕರೆಯುವಾಗ ಕುಗ್ಗಿಸುವ ರಿಯಾಯಿತಿ ಇಲ್ಲ.

ಹಿಗ್ಗುವುದು ಯಾವಾಗಲೂ ಸುರಕ್ಷಿತವೂ ಅಲ್ಲ. ಮ್ಯಾಥ್ ಕ್ಲಾಸಿನ ‘ರೌಂಡ್’ಗೆ ಎರಡು ರೂಪ: ಫ್ಲೋಟ್ ತೆಗೆದುಕೊಂಡು ಇಂಟ್ ಕೊಡುವುದು, ಡಬಲ್ ತೆಗೆದುಕೊಂಡು ಲಾಂಗ್ ಕೊಡುವುದು. ಅದಕ್ಕೆ 16777217 ಎಂಬ ಇಂಟನ್ನು ಕೊಟ್ಟರೆ ಸಿಗುವುದು 16777216. ಇಂಟ್ ಎರಡಕ್ಕೂ ಹಿಗ್ಗಬಲ್ಲದು, ಫ್ಲೋಟ್ ಹೆಚ್ಚು ನಿರ್ದಿಷ್ಟವಾದ್ದರಿಂದ ಅದು ಗೆಲ್ಲುತ್ತದೆ, ಮತ್ತು ಫ್ಲೋಟಿನಲ್ಲಿ ಆ ಸಂಖ್ಯೆಗೆ ಜಾಗವಿಲ್ಲ. ಪೂರ್ಣಾಂಕವನ್ನು ರೌಂಡ್ ಮಾಡಲು ಹೋಗಿ ಒಂದು ಕಳೆದುಕೊಂಡಂತಾಯಿತು.

ಕಂಪೈಲರ್ ಕೈಚೆಲ್ಲಿದಾಗ

‘ಕೂಡು(ಇಂಟ್, ಲಾಂಗ್)’ ಮತ್ತು ‘ಕೂಡು(ಲಾಂಗ್, ಇಂಟ್)’ ಎರಡನ್ನೂ ಬರೆದು ‘ಕೂಡು(1, 1)’ ಎಂದರೆ ಯಾವುದೂ ಹೆಚ್ಚು ನಿರ್ದಿಷ್ಟವಲ್ಲ. ‘ಆಂಬಿಗ್ಯುಯಸ್’ ಎಂಬ ಎರರ್ ಬರುತ್ತದೆ. ಬರೆದಾಗಲ್ಲ, ಕರೆದಾಗ, ಇದನ್ನು ಗಮನಿಸಿ. ಲೈಬ್ರರಿ ಬರೆದವರ ಮನೆಯಲ್ಲಿ ಎಲ್ಲ ಸರಿ, ಬಳಸುವವರಿಗೆ ತಲೆನೋವು.

‘ಯಾವ ಆಬ್ಜೆಕ್ಟೂ ಇಲ್ಲ’ ಎನ್ನುವ ನಲ್ ಇನ್ನೊಂದು ಕಾರಣ. ‘ಅದನ್ನು ಹಾಕು’ ಎಂದಷ್ಟೇ ಹೇಳಿದರೆ ಬಾಗಿಲೋ ಬಟ್ಟೆಯೋ? ನಲ್‌ಗೂ ಟೈಪಿನ ಸುಳಿವಿಲ್ಲ. ‘ಪ್ರಿಂಟ್‌ಎಲ್‌ಎನ್(ನಲ್)’ ಕಂಪೈಲ್ ಆಗುವುದಿಲ್ಲ: ಚಾರ್ ಅರೇ, ಸ್ಟ್ರಿಂಗ್ ಎರಡೂ ಹೊಂದುತ್ತವೆ, ಒಂದಕ್ಕಿಂತ ಒಂದು ನಿರ್ದಿಷ್ಟವಲ್ಲ. ಇದೇ ನಲ್ ಅನ್ನು ಸ್ಟ್ರಿಂಗ್ ಕ್ಲಾಸಿನ ‘ವ್ಯಾಲ್ಯೂಆಫ್’ಗೆ ಕೊಟ್ಟರೆ ಕಂಪೈಲ್ ಆಗುತ್ತದೆ, ಆದರೆ ಓಡಿಸಿದಾಗ ನಲ್ ಪಾಯಿಂಟರ್ ಎಕ್ಸೆಪ್ಷನ್. ಅಲ್ಲಿರುವುದು ಆಬ್ಜೆಕ್ಟ್ ಮತ್ತು ಚಾರ್ ಅರೇ; ನಿರ್ದಿಷ್ಟವಾದ ಚಾರ್ ಅರೇ ಗೆದ್ದು, ಇಲ್ಲದ ಅರೇಯ ಉದ್ದ ಕೇಳಲು ಹೋಗುತ್ತದೆ. ಎರಡಕ್ಕೂ ಪರಿಹಾರ ಕಾಸ್ಟ್, ಅಂದರೆ ಟೈಪನ್ನು ಕಂಸದಲ್ಲಿ ಮುಂದೆ ಬರೆಯುವುದು: ‘(ಸ್ಟ್ರಿಂಗ್) ನಲ್’ ಅಥವಾ ‘(ಆಬ್ಜೆಕ್ಟ್) ನಲ್’.

‘ಕೂಡು(ಇಂಟ್...)’ ಮತ್ತು ‘ಕೂಡು(ಇಂಟ್, ಇಂಟ್...)’ ಜೋಡಿಯೂ ಇದೇ ಜಾತಿ. ಮೂರು ಚುಕ್ಕಿಯ ಮೆಥಡ್ ಒಂದು ಹೆಸರಿಗೆ ಒಂದೇ ಇರಲಿ.

ಜಾವಾದ ಒಳಗೇ ಇರುವ ಗುಂಡಿಗಳು

‘ನ್ಯೂ ಸ್ಟ್ರಿಂಗ್‌ಬಿಲ್ಡರ್('ಕ')’ ಎಂದು ಒಂಟಿ ಉದ್ಧರಣ ಚಿಹ್ನೆಯಲ್ಲಿ ಬರೆದರೆ ‘ಕ’ ಇರುವ ಬಿಲ್ಡರ್ ಸಿಗುವುದಿಲ್ಲ. ಸ್ಟ್ರಿಂಗ್‌ಬಿಲ್ಡರಿಗೆ ಚಾರ್ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರೇ ಇಲ್ಲ. ಗಾತ್ರ ಹೇಳುವ ಇಂಟ್ ಕನ್‌ಸ್ಟ್ರಕ್ಟರ್ ಇದೆ. ಚಾರ್ ಇಂಟಾಗಿ ಹಿಗ್ಗುತ್ತದೆ. ಯೂನಿಕೋಡಿನಲ್ಲಿ ‘ಕ’ದ ಸಂಖ್ಯೆ 3221, ಹಾಗಾಗಿ ನಿಮಗೆ ಸಿಗುವುದು 3221 ಅಕ್ಷರಗಳಿಗೆ ಜಾಗವಿರುವ ಖಾಲಿ ಬಿಲ್ಡರ್. ಜೋಡಿ ಉದ್ಧರಣ ಚಿಹ್ನೆ ಬಳಸಿ.

ಇಂಟೀಜರ್‌ಗಳ ಲಿಸ್ಟಿನಲ್ಲಿ 10, 20, 30 ಇವೆ. ‘ರಿಮೂವ್(1)’ ಎಂದರೆ 20 ಹೋಗುತ್ತದೆ. ‘ರಿಮೂವ್(10)’ ಎಂದರೆ ಇಂಡೆಕ್ಸ್ ಮೀರಿದ ಎಕ್ಸೆಪ್ಷನ್. ಲಿಸ್ಟಿಗೆ ‘ಇಂಟ್ ಜಾಗದಲ್ಲಿರುವುದನ್ನು ತೆಗೆ’ ಮತ್ತು ‘ಈ ಆಬ್ಜೆಕ್ಟನ್ನು ತೆಗೆ’ ಎಂಬ ಎರಡು ಓವರ್‌ಲೋಡ್, ಇಂಟ್ ಕೊಟ್ಟಾಗ ಮೊದಲ ಸುತ್ತಿನಲ್ಲೇ ಮೊದಲನೆಯದು ಸಿಗುತ್ತದೆ. ಬೆಲೆಯನ್ನೇ ತೆಗೆಯಬೇಕಿದ್ದರೆ ‘ರಿಮೂವ್(ಇಂಟೀಜರ್.ವ್ಯಾಲ್ಯೂಆಫ್(10))’. ಸೆಟ್‌ನಲ್ಲಿ ಆಬ್ಜೆಕ್ಟ್ ರೂಪ ಮಾತ್ರ ಇರುವುದರಿಂದ ಅಲ್ಲಿ ‘ರಿಮೂವ್(10)’ ಸರಿಯಾಗಿಯೇ ನಡೆಯುತ್ತದೆ. ಯಾರೋ ಸೆಟ್ ತೆಗೆದು ಲಿಸ್ಟ್ ಹಾಕಿದ ದಿನ ಅದೇ ಸಾಲಿನ ಅರ್ಥ ಸದ್ದಿಲ್ಲದೆ ಬದಲಾಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಿಗ್‌ಡೆಸಿಮಲ್ ಬಳಸುವಾಗ 0.1 ಅನ್ನು ಡಬಲ್ ಆಗಿ ಕನ್‌ಸ್ಟ್ರಕ್ಟರಿಗೆ ಕೊಟ್ಟರೆ 0.1000000000000000055 ಎಂದು ಶುರುವಾಗುವ ಉದ್ದನೆಯ ಬಾಲ ಬರುತ್ತದೆ. "0.1" ಎಂದು ಸ್ಟ್ರಿಂಗ್ ಕೊಡಿ.

ಓವರ್‌ಲೋಡ್ ಮತ್ತು ಓವರ್‌ರೈಡ್

ಓವರ್‌ಲೋಡ್ ಆಯ್ಕೆ ಆಗುವುದು ಕಂಪೈಲ್ ಸಮಯದಲ್ಲಿ, ವೇರಿಯಬಲ್ಲಿನ ಮೇಲೆ ಬರೆದ ಟೈಪ್ ನೋಡಿ. ಒಳಗೆ ನಿಜವಾಗಿ ಏನಿದೆ ಎಂಬುದು ಲೆಕ್ಕಕ್ಕಿಲ್ಲ. ‘ಆಬ್ಜೆಕ್ಟ್ ಊರು = "ಹಾಸನ";’ ಎಂದು ಬರೆದು ‘ತೋರಿಸು(ಊರು)’ ಎಂದರೆ, ಸ್ಟ್ರಿಂಗ್ ತೆಗೆದುಕೊಳ್ಳುವ ತೋರಿಸು ಪಕ್ಕದಲ್ಲೇ ಇದ್ದರೂ ಕರೆ ಹೋಗುವುದು ಆಬ್ಜೆಕ್ಟಿನದಕ್ಕೆ.

ಇದು ಕಚ್ಚುವ ಖಾಯಂ ಜಾಗ ‘ಈಕ್ವಲ್ಸ್’. ಟಿಕೆಟಿಗೆ ‘ಬೂಲಿಯನ್ ಈಕ್ವಲ್ಸ್(ಟಿಕೆಟ್ ಇನ್ನೊಂದು)’ ಎಂದು ಬರೆದರೆ ನೀವು ಆಬ್ಜೆಕ್ಟ್ ಕ್ಲಾಸಿನಿಂದ ಬಂದ ಮೂಲದ್ದನ್ನು ಅದೇ ಸಿಗ್ನೇಚರಿನಲ್ಲಿ ಮತ್ತೆ ಬರೆದು ಓವರ್‌ರೈಡ್ ಮಾಡಿಲ್ಲ, ಪಕ್ಕದಲ್ಲಿ ಓವರ್‌ಲೋಡ್ ಸೇರಿಸಿದ್ದೀರಿ. ಎರಡು ಟಿಕೆಟ್ ನೇರವಾಗಿ ಹೋಲಿಸಿದಾಗ ಟೆಸ್ಟ್ ಪಾಸಾಗುತ್ತದೆ. ಲಿಸ್ಟಿನ ‘ಕಂಟೇನ್ಸ್’ ಮಾತ್ರ ಇಲ್ಲವೆನ್ನುತ್ತದೆ, ಏಕೆಂದರೆ ಅದು ಕರೆಯುವುದು ಆಬ್ಜೆಕ್ಟ್ ತೆಗೆದುಕೊಳ್ಳುವ ಈಕ್ವಲ್ಸನ್ನು. ಮೇಲೆ ‘@ಓವರ್‌ರೈಡ್’ ಬರೆಯುವ ಅಭ್ಯಾಸವಿದ್ದರೆ ಕಂಪೈಲರ್ ಅಲ್ಲೇ ಹಿಡಿಯುತ್ತಿತ್ತು. ಸರಿಪಡಿಸುವಾಗ ಹ್ಯಾಶ್‌ಕೋಡನ್ನೂ ಜೊತೆಗೇ ಬರೆಯಿರಿ.

ಬೇರೆ ಭಾಷೆಗಳಿಂದ ಬಂದವರಿಗೆ

ಪೈಥಾನ್ ಮತ್ತು ಜಾವಾಸ್ಕ್ರಿಪ್ಟಿನಲ್ಲಿ ಈ ಅರ್ಥದ ಓವರ್‌ಲೋಡಿಂಗ್ ಇಲ್ಲ. ಒಂದೇ ಹೆಸರಿನಲ್ಲಿ ಎರಡನೆಯದನ್ನು ಬರೆದರೆ ಮೊದಲನೆಯದು ಅಳಿಸಿಹೋಗುತ್ತದೆ. ಅಲ್ಲಿ ಡೀಫಾಲ್ಟ್ ಆರ್ಗ್ಯುಮೆಂಟ್ ಬಳಸುತ್ತಾರೆ. ಗೋ ಭಾಷೆ ಬೇಕೆಂದೇ ಬಿಟ್ಟಿದೆ. ಕಾಟ್ಲಿನ್‌ನಲ್ಲಿ ಎರಡೂ ಇವೆ, ಡೀಫಾಲ್ಟ್ ಆರ್ಗ್ಯುಮೆಂಟಿಗೇ ಆದ್ಯತೆ. ಸಿ ಪ್ಲಸ್ ಪ್ಲಸ್‌ನಲ್ಲಿ ಎರಡೂ ಇವೆ, ಗುಂಡಿಗಳು ಬೇರೆ: ಬೂಲ್ ಮತ್ತು ಸ್ಟ್ಯಾಂಡರ್ಡ್ ಸ್ಟ್ರಿಂಗ್ ತೆಗೆದುಕೊಳ್ಳುವ ಎರಡು ಓವರ್‌ಲೋಡ್ ಇದ್ದಾಗ ಉದ್ಧರಣ ಚಿಹ್ನೆಯ ಒಳಗೆ ಪಠ್ಯ ಕೊಟ್ಟರೆ ಗೆಲ್ಲುವುದು ಬೂಲ್. ಪಾಯಿಂಟರ್ ಬೂಲ್ ಆಗುವುದು ಭಾಷೆಯ ಒಳಗಿನ ಪರಿವರ್ತನೆ, ಸ್ಟ್ರಿಂಗ್ ಆಗುವುದು ಕ್ಲಾಸಿನ ಪರಿವರ್ತನೆ, ಮೊದಲನೆಯದಕ್ಕೆ ಮೇಲುಗೈ. ಅಲ್ಲದೆ ಸಬ್‌ಕ್ಲಾಸಿನಲ್ಲಿ ಅದೇ ಹೆಸರಿನ ಒಂದು ಮೆಥಡ್ ಬರೆದರೆ ತಂದೆ ಕ್ಲಾಸಿನ ಎಲ್ಲ ಓವರ್‌ಲೋಡ್‌ಗಳೂ ಮರೆಯಾಗುತ್ತವೆ. ‘ಯೂಸಿಂಗ್’ ಹಾಕಿ ಮರಳಿ ತರಬೇಕು. ಜಾವಾದಲ್ಲಿ ಹಾಗಿಲ್ಲ, ತಂದೆಯವೂ ಮಗುವಿನವೂ ಒಟ್ಟಿಗೇ ಸ್ಪರ್ಧಿಸುತ್ತವೆ.

ಯಾವುದು ಆಯ್ಕೆಯಾಯಿತೆಂದು ನೋಡುವುದು

ಊಹೆ ಬೇಡ. ಎಡಿಟರಿನಲ್ಲಿ ಕರೆಯ ಮೇಲೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಆಯ್ಕೆಯಾದ ಮೆಥಡಿಗೇ ಕರೆದೊಯ್ಯುತ್ತದೆ. ಸಂದೇಹ ಉಳಿದರೆ ಜೆಡಿಕೆ ಜೊತೆಗೇ ಬರುವ ಜಾವಾಪಿ ಎಂಬ ಆಜ್ಞೆಯನ್ನು ಸಿ ಆಯ್ಕೆಯೊಂದಿಗೆ ಕ್ಲಾಸ್ ಫೈಲಿನ ಮೇಲೆ ಓಡಿಸಿ. ಪ್ರತಿ ಕರೆಯ ಪಕ್ಕದಲ್ಲಿ ಮೆಥಡಿನ ಹೆಸರು ಮತ್ತು ಕಂಸದೊಳಗೆ ಟೈಪ್‌ಗಳು ಒಂದೊಂದು ಅಕ್ಷರವಾಗಿ ಕಾಣುತ್ತವೆ: ಐ ಎಂದರೆ ಇಂಟ್, ಡಿ ಎಂದರೆ ಡಬಲ್, ಜೆ ಎಂದರೆ ಲಾಂಗ್, ಜ಼ೆಡ್ ಎಂದರೆ ಬೂಲಿಯನ್. ಲಾಂಗಿಗೆ ಎಲ್ ಸಿಗಲಿಲ್ಲ, ಅದು ಕ್ಲಾಸ್ ಹೆಸರುಗಳಿಗೆ ಮೀಸಲು. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ತೆಗೆದುಕೊಳ್ಳುವ ಓವರ್‌ಲೋಡ್‌ಗಳಿದ್ದರೆ ಕಂಪೈಲರಿನ ಲಿಂಟ್ ಆಯ್ಕೆಯಲ್ಲಿ ‘ಓವರ್‌ಲೋಡ್ಸ್’ ಸೇರಿಸಿ. ಗೊಂದಲಕ್ಕೆ ಎಡೆಯಾಗುವ ಜೋಡಿಗಳಿಗೆ ಎಚ್ಚರಿಕೆ ಕೊಡುತ್ತದೆ.

ಕ್ಲಾಸ್ ಫೈಲಿನಲ್ಲಿ ಟೈಪ್‌ಗಳ ಸಮೇತ ಹೆಸರು ಅಚ್ಚಾಗಿರುವುದರಿಂದ ಇನ್ನೊಂದು ಪರಿಣಾಮವೂ ಇದೆ. ಲಾಂಗ್ ಮಾತ್ರ ಇದ್ದ ಲೈಬ್ರರಿಗೆ ನೀವು ಇಂಟಿನ ಓವರ್‌ಲೋಡ್ ಸೇರಿಸಿದಿರಿ ಎನ್ನಿ. ಲೈಬ್ರರಿಯ ಹೊಸ ಜಾರ್ ಫೈಲ್ ಹಾಕಿದರೂ ಅದನ್ನು ಬಳಸುವ ಹಳೆಯ ಪ್ರೋಗ್ರಾಂ ಲಾಂಗಿನದನ್ನೇ ಕರೆಯುತ್ತಿರುತ್ತದೆ. ಅದನ್ನು ಮತ್ತೆ ಕಂಪೈಲ್ ಮಾಡಿದ ದಿನ ಕರೆಗಳು ಇಂಟಿಗೆ ತಿರುಗುತ್ತವೆ, ಸೋರ್ಸಿನಲ್ಲಿ ಒಂದಕ್ಷರವೂ ಬದಲಾಗದೆ. ಹಾಗಾಗಿ ಓವರ್‌ಲೋಡ್ ಸೇರಿಸಿದ ಮೇಲೆ ಟೆಸ್ಟ್ ಓಡಿಸುವ ಮುನ್ನ ಅದನ್ನು ಬಳಸುವ ಎಲ್ಲ ಮಾಡ್ಯೂಲ್‌ಗಳನ್ನೂ ಕ್ಲೀನ್ ಮಾಡಿ ಪೂರ್ತಿ ಬಿಲ್ಡ್ ಮಾಡಿ.